ನವಸಾಗರ

ಚೌಬಾರಾ ದಾಟಿ ಎಡಕ್ಕೆ, ನನ್ನ ಜೆರಾಕ್ಸ್ ಅಂಗಡಿ.
ಎದುರಿಗೆ ಖಮರೋದ್ದೀನ್ ಉಸ್ತಾದರ ಬಿದ್ರಿ ಕಾರ್ಖಾನೆ.
ಕಾರ್ಖಾನೆ ಅಂದರೆ ಒಂದು ಕುಲುಮೆ, ಎರಡು ಮಣೆ, ಒಂದು ರೇಡಿಯೊ.
ಅವರಿಗೆ ಬಂದ ಇಂಗ್ಲಿಷ್ ಕಾಗದ ಓದಿ ಹೇಳುವವಳು ನಾನು.
ಕೂಲಿ: ಚಹಾ.

ಈ ಸಲ ಪ್ಲಿಮತ್ ಎಂಬ ಊರಿನಿಂದ ಹದಿನಾಲ್ಕು ಹಾಳೆ.
ಯಾರೋ ನಿವೃತ್ತ ಡಾಕ್ಟರ್. ಅವರ ಮುತ್ತಜ್ಜನ ಅಜ್ಜ
ಒಂದು ಹಡಗಿನಲ್ಲಿ ಬಡಗಿಯಾಗಿದ್ದನಂತೆ.
ಆ ಹಡಗು ತಟ್ಟೆಯ ಮೇಲೆ ಬೇಕು,
ಬೆಳ್ಳಿ ತಂತಿಯಲ್ಲಿ, ಹನ್ನೆರಡು ಇಂಚು.

"ಓದ್ರಿ" ಅಂದರು, ತಂತಿ ಎಳೆಯುತ್ತಲೇ.

ಹುಟ್ಟಿದ್ದು ಫ್ರಾನ್ಸಿನ ರೋಶ್‌ಫೋರಿನಲ್ಲಿ. ಮೂವತ್ತೆಂಟು ತೋಪು.
ಹೆಸರು ಪ್ರೊಮೀಜ್: ಮಾತುಕತೆ ಮುಗಿದು
ಮದುವೆಗೆ ಕಾದಿರುವ ಹುಡುಗಿ ಎಂದರ್ಥ.
ಮೂರನೇ ವರ್ಷ, ಮಂಜಿನ ಒಂದು ಬೆಳಗ್ಗೆ,
ಇಂಗ್ಲಿಷರ ಎರಡು ಹಡಗು, ಎರಡು ಪಕ್ಕಕ್ಕೆ.
ಪಟದ ಕಂಬ ಮುರಿದು ಬಿತ್ತು. ಬಾವುಟ ಇಳಿಯಿತು.
ಹಗ್ಗ ಕಟ್ಟಿ ಎಳೆದುಕೊಂಡು ಹೋದರು.

ದಂಡೆಗೆ ತಂದು ಮೈಯೆಲ್ಲ ಅಳೆದರು:
ಎಷ್ಟು ಅಗಲ, ಎಷ್ಟು ಬಾಗು, ಯಾವ ಹಲಗೆ ಎಲ್ಲಿ ಸೇರುತ್ತದೆ.
"ಗಾಳಿ ಹಿಡಿಯುವುದರಲ್ಲಿ ನಮ್ಮವಕ್ಕಿಂತ ಚುರುಕು,
ಆದರೆ ಮೈ ತೆಳು" ಎಂದು ಬರೆದಿಟ್ಟರು.
ಇಲ್ಲಿ ಸ್ವಲ್ಪ ನಿಂತೆ. ನನ್ನ ನೋಡಲು ಬಂದವರೂ
ನಡೆದು ತೋರಿಸು ಅಂದಿದ್ದರು.
ಹೆಸರು ಮಾತ್ರ ಕೆರೆದು ತೆಗೆಯಲಿಲ್ಲ. ಅಕ್ಷರ ಅವೇ.
ಬಾಯಿ ಬೇರೆ: ಪ್ರಾಮಿಸ್.
ಅವರಲ್ಲಿ ಹಾಗೆಂದರೆ ಕೊಟ್ಟ ಮಾತು.

ಭಾಲ್ಕಿಯಲ್ಲಿ ನಾನು ಗೋದಾ ಆಗಿದ್ದೆ.
ಇಲ್ಲಿ ತಾಟಿನ ಅಕ್ಕಿಯ ಮೇಲೆ ಉಂಗುರದಿಂದ ಬರೆದರು: ವೈಜಯಂತಿ.
ಆ ಅಕ್ಕಿಯನ್ನೇ ಮರುದಿನ ಅನ್ನ ಮಾಡಿದರು.
ಇದನ್ನು ಉಸ್ತಾದರಿಗೆ ಹೇಳಲಿಲ್ಲ. ಹಾಳೆ ತಿರುವಿದೆ.

ಮುಂದೆ ಹದಿನೈದು ವರ್ಷ ಚಾಕರಿ.
ಸಕ್ಕರೆ ಹಡಗುಗಳಿಗೆ ಕಾವಲು.
ಹಳದಿ ಜ್ವರ, ಒಂದೇ ತಿಂಗಳಲ್ಲಿ ಅರವತ್ತು ಹೆಣ.
ಹುಟ್ಟಿದ ಬಂದರಿನ ಬಾಯಿಗೇ ಅಡ್ಡ ನಿಂತು
ಇಡೀ ಒಂದು ಚಳಿಗಾಲ ಕಾದದ್ದು,
ಹೊರಬಂದ ಮೀನುದೋಣಿಗೂ ಗುಂಡು.
"ತವರಮನಿಗೇನ್ರೀ?" ಉಸ್ತಾದರ ಉಳಿ ನಿಂತಿತು.
ಹೌದು, ಅಂದೆ.

ಮುಪ್ಪಿನಲ್ಲಿ ಕಂಬ ಕಿತ್ತು, ಕೆಸರಿನಲ್ಲಿ ಕಟ್ಟಿಹಾಕಿ, ಜೈಲು ಮಾಡಿದರು.
ಒಳಗೆ ತುಂಬಿದ್ದು ಫ್ರೆಂಚರನ್ನೇ.
ಅವರು ಊಟದ ಎಲುಬು ತೊಳೆದು, ಒಣಗಿಸಿ, ಕೆತ್ತಿ
ಪುಟ್ಟ ಪುಟ್ಟ ಹಡಗು ಮಾಡಿ ಮಾರುತ್ತಿದ್ದರಂತೆ.
ಇದೊಂದನ್ನೇ ಉಸ್ತಾದರು ಎರಡು ಸಲ ಓದಿಸಿದರು.
"ಯಾವ ಉಳಿಯಿಂದ?"
ಬರೆದಿಲ್ಲ, ಅಂದೆ.
ಕೊನೆಗೆ ಹಲಗೆ ಹಲಗೆಯಾಗಿ ಹರಾಜು.
ಒಂದು, ಹಂದಿಗೂಡಿನ ಬಾಗಿಲಾಯಿತು.

ಹತ್ತೊಂಬತ್ತು ದಿನ ಕೂತರು.
ಪಟಕ್ಕೆ ಬೆಳ್ಳಿ ತಗಡು, ಹಗ್ಗಕ್ಕೆ ಕೂದಲೆಳೆಯ ತಂತಿ,
ಹಿಂಬದಿಗೆ ಏಳು ಅಕ್ಷರ, ಯಾರು ಹೇಗೆ ಬೇಕಾದರೂ ಓದಲಿ.
ಬಾವುಟ ಯಾರದು? ಹದಿನಾಲ್ಕು ಹಾಳೆಯಲ್ಲಿ ಹುಡುಕಿದೆ. ಸಿಗಲಿಲ್ಲ.

ಶುಕ್ರವಾರ ಕೋಟೆಯಿಂದ ಮಣ್ಣು ಬಂತು,
ಬಿಸಿಲು ಮಳೆ ಕಾಣದ ಮೂಲೆಯದು.
ಚಿಟಿಕೆ ತೆಗೆದು ನಾಲಿಗೆಗೆ ಇಟ್ಟುಕೊಂಡರು.
"ಉಪ್ಪು ಅದ. ಸಮುದ್ರ ಹಿಂಗೇ ಇರ್ತದೇನು?"
ನಾನೂ ನೋಡಿಲ್ಲ, ಅಂದೆ.
ಕುದಿಯುವ ನೀರಿಗೆ ಮಣ್ಣು, ಮೇಲೆ ಒಂದು ಹಿಡಿ ನವಸಾಗರ.
ಆ ಪುಡಿಯ ಹೆಸರೇ ಹಾಗೆ; ದಿನಾ ಹೇಳುತ್ತೇವೆ,
ಅಂದು ಮೊದಲ ಸಲ ಕೇಳಿಸಿತು.

ತಟ್ಟೆ ಮುಳುಗಿತು. ಎತ್ತಿದಾಗ
ಸತುವೆಲ್ಲ ಕಪ್ಪು, ಅಮಾವಾಸ್ಯೆಯ ಕಪ್ಪು.
ಮಧ್ಯೆ ಬೆಳ್ಳಗೆ ಹಡಗು, ಒಂದು ಹಗ್ಗವೂ ಸಡಿಲಿಲ್ಲ.
ಕಂಬದ ತುದಿಗೆ ಕುಣಿಕೆ ಮಾತ್ರ.

ಡಾಕ್ಟರ್ ಕೇಳಿದರೆ?
"ಇಳಿಸ್ಯಾರ, ಇನ್ನಾ ಏರ್ಸಿಲ್ಲ,
ಹಂಗಂತ ಬರೀರಿ."

ಬರೆದೆ. ಎರಡು ಕಾಪಿ ತೆಗೆದೆ.
ಒಂದು ನನಗೆ.